ಕುಣಿಗಲ್ಲಿನಿಂದ ವಾಪಸು ಬಂದ ಗೇಟು

ನಿಮ್ಮ ತಾತ ತೀರಿಕೊಂಡ ಮೇಲೆ ನಾನು, ನಿಮ್ಮಮ್ಮ ಬಟವಾಡಿಯಲ್ಲಿ ಗೇಟು, ಗ್ರಿಲ್ ಮಾಡುವ ಒಂದು ಶೆಡ್ಡಿನ ಹಿಂದಿನ ರೂಮಿನಲ್ಲಿದ್ದೆವು. ಕೆಲಸ ಇರುವತನಕ ರೂಮು. ಕೆಲಸ ಹೋದರೆ ಅದೂ ಹೋದಂತೆ.

ನನ್ನ ಕೆಲಸ ಕಬ್ಬಿಣ ಉಜ್ಜುವುದು. ವೆಲ್ಡಿಂಗ್ ಆದ ಗೇಟಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಕೆರೆದು, ಉಪ್ಪುಕಾಗದದಲ್ಲಿ ತಿಕ್ಕಿ, ಕೊನೆಗೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ಬರಿಗೈ ಕೂಡ ತಾಗಿಸಬಾರದು, ಜಿಡ್ಡು ಕೂತರೆ ಬಣ್ಣ ಹಿಡಿಯುವುದಿಲ್ಲ. ನನ್ನ ಬೆರಳು ಒಡೆದು, ಊಟಕ್ಕೆ ಕೂತರೆ ಸಾರು ತಾಗಿ ಉರಿಯುತ್ತಿತ್ತು.

ಮಾಲೀಕನ ತಾಯಿ ಗುಬ್ಬಿ ಕಡೆಯವರು. ಬಣ್ಣ ಹೊಡೆಯುವ ಮುಂಚೆ ಗೇಟಿಗೆ ವಿಭೂತಿ ಇಟ್ಟು ಪೂಜೆ ಮಾಡುವುದು ಅವರ ಪದ್ಧತಿ. ಅವರು ಒಳಗೆ ಹೋದ ಮೇಲೆ ಪೇಂಟರ್ ಮೆಲ್ಲಗೆ ಒರೆಸಿಬಿಡುತ್ತಿದ್ದ. ಒಂದು ಸಲ ಕುಣಿಗಲ್ಲಿನವರೊಬ್ಬರು ಮಾಡಿಸಿದ ಗೇಟು ಬಹಳ ದೊಡ್ಡದು ಅಂತ ಆ ಅವ್ವ ದೀಪದ ಎಣ್ಣೆ ಮೆತ್ತಿದ ಕೈಯಲ್ಲೇ ಉದ್ದಕ್ಕೂ ಮೂರು ಪಟ್ಟೆ ಎಳೆದರು, ಕಾಯಿ ಒಡೆದು ನೀರು ಚಿಮುಕಿಸಿದರು, ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು.

"ಅವ್ವಾರೇ, ಒರೆಸಿ ಕೊಡ್ಲಾ?" ಅಂದೆ.

"ದೇವ್ರಿಗೆ ಇಟ್ಟಿದ್ದನ್ನ ಒರೆಸ್ತೀಯೇನೇ ಮುಂಡೆ? ಕೈ ದೂರ ಇಡು."

ಪೇಂಟರ್ ಅದರ ಮೇಲೆಯೇ ಬಣ್ಣ ಹೊಡೆದ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೇಟು ಟೆಂಪೋದಲ್ಲಿ ವಾಪಸು ಬಂತು. ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು, ಮೂರು ಪಟ್ಟೆಗಳು ಹಾಗೇ ಕಾಣುತ್ತಿದ್ದವು.

"ಏನ್ರೀ ಇದು? ಗೇಟಿಗೆ ಹುಳುಕಡ್ಡಿ ಬಂದೈತಾ ಅಂತ ನೆಂಟ್ರೆಲ್ಲ ನಗ್ತಾವ್ರೆ!" ಎಂದು ಕುಣಿಗಲ್ಲಿನವರು ಕೂಗಾಡಿದರು.

"ಗಂಡನ್ನ ತಿಂದ್ಕೊಂಡವ್ಳ ಕೈ ತಾಕಿದ್ಮೇಲೆ ಇನ್ನೇನಾಗುತ್ತೆ?" ಅಂದರು ಮಾಲೀಕನ ತಾಯಿ.

ಮಾಲೀಕ ಪಟ್ಟೆಗಳ ಮೇಲೆ ಬೆರಳಾಡಿಸಿದ. ನನ್ನನ್ನೊಮ್ಮೆ ನೋಡಿದ. "ಇವಳು ನೆಟ್ಟಗೆ ಉಜ್ಜಿಲ್ಲ ಸಾರ್. ಇವತ್ತೇ ತೆಗೆದಾಕ್ತೀನಿ," ಅಂದ.

ಸುತ್ತ ಗಂಡಸರು ನಿಂತಿದ್ದರು. ನಾನು ತಂತಿ ಬ್ರಷ್ಷು ಎತ್ತಿಕೊಂಡು ಪಕ್ಕಕ್ಕೆ ಸರಿದೆ.

ಅವರು ಹೋದ ಮೇಲೆ ಮಾಲೀಕ ಹತ್ತಿರ ಬಂದ. "ನಂಗೊತ್ತಿಲ್ವೇನಮ್ಮ, ಪಟ್ಟೆ ಕಾಣ್ತೈತಲ್ಲ. ಅವ್ವಂಗೆ ಹೇಳೋಕಾಗುತ್ತಾ? ನಿಂಗಾದ್ರೆ ಹೇಳ್ಬೋದು. ನಾಳೆ ರೂಮು ಖಾಲಿ ಮಾಡು. ಹೋಗೋಕ್ ಮುಂಚೆ ಈ ಗೇಟು ಉಜ್ಜಿ ಕೊಟ್ಬುಡು. ನಿನ್ನಂಗೆ ಯಾರೂ ಉಜ್ಜಲ್ಲ."

"ಮಗಳ ಸ್ಕೂಲು ಇಲ್ಲೇ ಐತಣ್ಣ, ಪರೀಕ್ಷೆ ಮುಗಿಯೋಗಂಟ ಇರಕ್ಕೆ ಬುಡಿ," ಅಂದೆ. ಅವನು ಆಗಲೇ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದ.

ಮಾರನೇ ದಿನ ನಾನು ನೆಲದ ಮೇಲೆ ಕೂತು ಅದೇ ಗೇಟು ಉಜ್ಜಿದೆ. ನಿಮ್ಮಮ್ಮ ಪಾತ್ರೆಗಳನ್ನು ನನ್ನ ಹಳೇ ಸೀರೆಯಲ್ಲಿ ಗಂಟು ಕಟ್ಟಿ, ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಬಂದು ನಿಂತಳು. ಶೆಟ್ಟಿಹಳ್ಳಿಯಲ್ಲಿ ಪರಿಚಯದವರೊಬ್ಬರು ಜಗುಲಿಯಲ್ಲಿ ಮಲಗಲು ಒಪ್ಪಿದ್ದರು. ಆಟೋ ಬಂದಿತ್ತು.

"ಏಳವ್ವಾ," ಅಂದಳು.

ಕುರ್ಚಿಯಿಂದ ಮಾಲೀಕನ ತಾಯಿ ಕೂಗಿದರು: "ಕೆಳಗಿನ ಕಂಬಿ ಬಿಟ್ಟವ್ಳೆ ನೋಡು!"

ಆಟೋದವನಿಗೆ ಸ್ವಲ್ಪ ನಿಲ್ಲಪ್ಪ ಎಂದು ಹೇಳಿ, ಕೆಳಗಿನ ಕಂಬಿಯನ್ನೂ ಉಜ್ಜಿದೆ.