ಸೀಗಿ ಹುಣ್ಣಿಮೆಗೆ ಮುಗಿದ ಬೋರ್ಡಿನ ಪರವಾನಗಿ

1973ರ ಅಕ್ಟೋಬರ್, ಸೀಗಿ ಹುಣ್ಣಿಮೆಯ ದಿನ, ಬೆಳಿಗ್ಗೆ ಏಳು ಗಂಟೆ. ನವಲಗುಂದ ರಸ್ತೆಗೆ ಹೊಂದಿಕೊಂಡ ಒಂದು ಖಾಲಿ ಪ್ಲಾಟಿನಲ್ಲಿ ಹಾಜರಿದ್ದವರು ಮೂವರು: ನಮ್ಮ ಊರ ಪುರಸಭೆಯ ಗುಮಾಸ್ತನಾಗಿದ್ದ ನಾನು, ನಮ್ಮ ಜವಾನ ಮತ್ತು ಪ್ಲಾಟಿನ ಒಡತಿ. ಆಕೆ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ಊರೆಲ್ಲ ಆಕೆಯನ್ನು ಗೌರವದಿಂದ ‘ಬಾಯಾರು’ ಎನ್ನುತ್ತಿದ್ದರು.

ನಮ್ಮ ನಡುವೆ ಒಂದು ಬೋರ್ಡ್ ನಿಂತಿತ್ತು. ‘ಪ್ಲಾಟು ಮಾರಾಟಕ್ಕಿದೆ. ಒಡೆಯರನ್ನೇ ಕಾಣಿರಿ’ ಎಂದು ಬಿಳಿ ಬಣ್ಣದಲ್ಲಿ, ಕೆಳಗೆ ಬಲಮೂಲೆಯಲ್ಲಿ ಪರವಾನಗಿ ಸಂಖ್ಯೆ. ಅದನ್ನು ಅಂದು ಸಂಜೆ ಆರರೊಳಗೆ ಕೀಳಬೇಕಿತ್ತು.

ನಿಯಮ ಬರೆದವನು ನಾನೇ. ಆ ವರ್ಷ ಊರಿನ ಅಂಚಿನ ಹೊಲಗಳೆಲ್ಲ ಪ್ಲಾಟುಗಳಾಗಿದ್ದವು. ದಲಾಲಿಗಳು ಬೇವಿನ ಮರಕ್ಕೆ, ಲೈಟಿನ ಕಂಬಕ್ಕೆ, ದವಾಖಾನೆಯ ಗೇಟಿಗೆ ಬೋರ್ಡ್ ಬಡಿದಿದ್ದರು. ಏನಾದರೂ ಮಾಡು ಎಂದು ಮೇಲಿನವರು ಹೇಳಿದರು. ಎರಡು ಸಂಜೆ ಕುಳಿತು ಬರೆದೆ. ಬೋರ್ಡ್ ಎರಡಡಿ ಅಗಲ, ಮೂರಡಿ ಉದ್ದ ಮೀರಬಾರದು. ಮರ, ಕಂಬ, ಗೋಡೆ ಮುಟ್ಟಬಾರದು. ಸ್ವಂತ ನೆಲದಲ್ಲಿ, ಎರಡಡಿ ಆಳಕ್ಕೆ ನೆಟ್ಟ ಸ್ವಂತ ಮರದ ಕಂಬದ ಮೇಲಿರಬೇಕು. ಅವಧಿ ಹದಿನೈದು ದಿನ. ಕೊನೆಯ ದಿನ ಸಂಜೆ ಆರರೊಳಗೆ ಬೋರ್ಡು, ಕಂಬ ಎರಡನ್ನೂ ತೆಗೆದು ಗುಂಡಿ ಮುಚ್ಚಿದರೆ ಇನ್ನೊಂದು ಹದಿನೈದು ದಿನ ಸಿಗುತ್ತದೆ. ತಪ್ಪಿದರೆ ಆ ಪ್ಲಾಟಿಗೆ ಒಂದು ವರ್ಷ ಪರವಾನಗಿ ಇಲ್ಲ. ಸಭೆ ಇದನ್ನು ಓದದೆ ಮಂಜೂರು ಮಾಡಿತು. ದಲಾಲಿಗಳು ಬೋರ್ಡುಗಳನ್ನು ಬಿಚ್ಚಿ ಸೈಕಲ್ಲಿಗೆ ಕಟ್ಟಿಕೊಂಡು ತಿರುಗತೊಡಗಿದರು. ಸೈಕಲ್ಲಿನ ಬಗ್ಗೆ ನಾನು ಏನೂ ಬರೆದಿರಲಿಲ್ಲ. ಅರ್ಜಿ ಕೊಟ್ಟು ಪರವಾನಗಿ ಪಡೆದವರು ಬಾಯಾರು ಒಬ್ಬರೇ.

ಅವರಿಗೆ ಅಳ್ನಾವರಕ್ಕೆ ವರ್ಗವಾಗಿತ್ತು. ದೀಪಾವಳಿ ಸೂಟಿ ಮುಗಿದ ಮರುದಿನ ಅಲ್ಲಿ ಹಾಜರಾಗಬೇಕು. ಅಷ್ಟರೊಳಗೆ ಪ್ಲಾಟು ಹೋಗಬೇಕು. ಬೋರ್ಡ್ ಇಲ್ಲದಿದ್ದರೆ ಅದನ್ನು ಕೇಳುವವನು ಒಬ್ಬ ದಲಾಲಿ ಮಾತ್ರ, ಅದೂ ಅವನ ದರಕ್ಕೆ. ಹಾಗಾಗಿ ಎರಡನೆಯ ಹದಿನೈದು ದಿನ ಅವರಿಗೆ ಬೇಕೇ ಬೇಕಿತ್ತು.

ಕಂಬ ಕೀಳಲೆಂದು ನಾನು ಕರೆತಂದಿದ್ದ ಜವಾನ ಹಾರೆಯನ್ನು ಹೆಗಲಿಂದ ಇಳಿಸಲೇ ಇಲ್ಲ.

“ಸಾಹೇಬ್ರ, ಇವತ್ತ ಏನ್ ದಿನಾ ಐತಿ ಗೊತ್ತೈತೇನ್ರಿ?”

“ಹದಿನೈದನೇ ದಿನ.”

“ಸೀಗಿ ಹುಣ್ಣಿವಿ ರೀ. ಭೂಮ್ತಾಯಿ ತುಂಬಿದ ಬಸುರಿ. ಇವತ್ತ ನೆಲಕ್ಕ ಕಬ್ಬಿಣ ಹಚ್ಚಿದ್ರ ನಮ್ಮವ್ವ ನನ್ನ ಮನಿಯೊಳಗ ಬಿಟ್ಕೊಳ್ಳೂದಿಲ್ಲ.”

“ಮೊದಲ ಹೇಳಬೇಕಿತ್ತು.”

“ನೀವು ಕ್ಯಾಲೆಂಡರ್ ನೋಡೇ ತಾರೀಖ ಹಾಕಿದ್ರಲ್ರಿ.”

ನೋಡಿದ್ದು ಹೌದು. ಕಚೇರಿಯ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದ ದಿನಗಳನ್ನು ಮಾತ್ರ ನೋಡಿದ್ದೆ. ಸೀಗಿ ಹುಣ್ಣಿಮೆ ಕಪ್ಪಕ್ಷರದಲ್ಲಿತ್ತು.

“ಒಂದಿನಾ ಮುಂದ ಹಾಕ್ರಿ, ಮುಗೀತು” ಎಂದ ಜವಾನ.

“ನಿಯಮದಾಗ ಅವಕಾಶ ಇಲ್ಲ.”

“ನಿಯಮಾ ಬರದಾವ್ರು ನೀವ ಅಲ್ಲೇನ್ರಿ?”

“ಅದಕ್ಕ.”

ಬಾಯಾರು ನನ್ನ ಪರ ನಿಂತರು. “ಅವರು ಅನ್ನೂದು ಖರೆ ಐತಿ. ಇವತ್ತ ನನಗ ಬಿಟ್ರ, ನಾಳೆ ಎಲ್ಲಾರೂ ಒಂದೊಂದ ಹಬ್ಬಾ ಹಿಡ್ಕೊಂಡ ಬರ್ತಾರ” ಎಂದರು. ಆದರೆ ಹಾರೆ ಹಿಡಿಯಲು ಅವರೂ ಮುಂದೆ ಬರಲಿಲ್ಲ, ನಾನೂ ಬರಲಿಲ್ಲ.

ನಾವು ಮೂವರೂ ಕಂಬವನ್ನು ಹಿಡಿದು ಅಲುಗಾಡಿಸಿದೆವು. ವಾರದ ಹಿಂದೆ ಮಳೆಯಾಗಿತ್ತು. ನಮ್ಮ ಕಡೆಯ ಕಪ್ಪು ಎರಿ ಮಣ್ಣು ಹಸಿಯಿದ್ದಾಗ ಕಂಬವನ್ನು ಬಿಡುವುದಿಲ್ಲ. ಎರಡಡಿ ಆಳ ಎಂದು ಬರೆದದ್ದು ಗಾಳಿಯನ್ನು ನೆನೆದು, ಕೀಳುವುದನ್ನು ನೆನೆದಿರಲಿಲ್ಲ.

ಮಧ್ಯಾಹ್ನ ಬೋರ್ಡ್ ಮಾಡಿಕೊಟ್ಟ ಮಿಸ್ತ್ರಿಯ ಅಂಗಡಿಗೆ ಹೋದೆ. ಆತ ಮುಸಲ್ಮಾನ. ಹುಣ್ಣಿಮೆಯ ಕಟ್ಟುಪಾಡು ಅವನಿಗಿರಲಾರದು ಎಂದು ನನ್ನ ಲೆಕ್ಕ. ಗುದ್ದಲಿ ತಗೊಂಡು ಬಾ ಎಂದೆ.

ಮಿಸ್ತ್ರಿ ಉಳಿಯನ್ನು ಕೆಳಗಿಟ್ಟ. “ನಮ್ಮ ಅಜ್ಜನ ಕಾಲದಿಂದ ಇವತ್ತ ನಮ್ಮ ಹೊಲದಾಗೂ ಕಬ್ಬಿಣ ಹಚ್ಚೂದಿಲ್ರಿ. ನಮ್ಮ ಹೊಲದ ಭೂಮಿ ಏನ್ ಬ್ಯಾರೆ ಐತೇನು?”

“ಮತ್ತ ಹೆಂಗ ಮಾಡೂದು?”

“ಅಗೀಬಾರದು ಅಂತಾರ. ಎತ್ತಬಾರದು ಅಂತ ಯಾರಂದಾರ? ಬಾಯಾರ ಮನ್ಯಾಗ ಒನಕಿ ಐತೇನ್ರಿ?”

ನಾಲ್ಕು ಗಂಟೆಗೆ ಮಿಸ್ತ್ರಿ ಹಗ್ಗ ತಂದ, ಬಾಯಾರು ಒನಕೆ ತಂದರು. ಮೊದಲು ಬೋರ್ಡನ್ನು ಬಿಚ್ಚಿ ಬದಿಗಿಟ್ಟೆವು. ಕಂಬದ ಬುಡಕ್ಕೆ ಹಗ್ಗ ಬಿಗಿದು, ಒನಕೆಯ ಬರೀ ಕಟ್ಟಿಗೆಯ ತುದಿಯನ್ನು ಹಗ್ಗದೊಳಗೆ ತೂರಿಸಿ, ಅಡಿಗೆ ಒಂದು ಕಲ್ಲು ಕೊಟ್ಟ ಮಿಸ್ತ್ರಿ. ಇನ್ನೊಂದು ತುದಿಯನ್ನು ಅದುಮಬೇಕು. ಆ ತುದಿಗೆ ಕಬ್ಬಿಣದ ಬಳೆ ಇತ್ತು.

“ಬಳಿ ನೆಲಕ್ಕ ಹತ್ತೀತ್ರಿ” ಎಂದು ಜವಾನ ತಡೆದ. ಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿ ಹಾಸಿದ ಮೇಲೆಯೇ ಅವನು ಒನಕೆ ಮುಟ್ಟಿದ್ದು.

ಮೂರು ಸಲ ಅದುಮಿದೆವು. ಮೂರು ಸಲವೂ ಹಗ್ಗ ಜಾರಿತು. ಐದು ಗಂಟೆಗೆ ದಲಾಲಿ ಬಂದು ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತ. ಹಿಂದೆ ಅವನ ಬೋರ್ಡ್ ಇತ್ತು.

“ಬಾಯಾರ, ಯಾಕ ಒದ್ದಾಡ್ತೀರಿ? ಆರು ಹೊಡದ ಮ್ಯಾಲ ನಾ ಅದೀನಲ್ಲ.”

“ನೀ ಇರೂದು ಗೊತ್ತೈತೋ” ಎಂದರು ಬಾಯಾರು. “ಅದಕ್ಕ ಆರರೊಳಗ ಮುಗಸಾಕತ್ತೀವಿ.”

ಮಿಸ್ತ್ರಿ ಕಂಬಕ್ಕೆ ಅಡ್ಡ ಮೊಳೆ ಬಡಿದು ಹಗ್ಗ ಅದರ ಕೆಳಗೆ ನಿಲ್ಲುವಂತೆ ಮಾಡಿದ. ಮೊಳೆ ನೆಲದ ಮೇಲಿದೆ, ನೆಲದೊಳಗಲ್ಲ ಎಂದು ಜವಾನನೇ ತೀರ್ಪು ಕೊಟ್ಟ. ಆದರೆ ಭಾರ ಸಾಲಲಿಲ್ಲ. ಗುಮಾಸ್ತ ಒನಕೆಯ ಮೇಲೆ ಕೂರಬಾರದೆಂದು ನಿಯಮದಲ್ಲಿ ಇರಲಿಲ್ಲ. ಕೋಟು ಬಿಚ್ಚಿಟ್ಟು ಕುಳಿತೆ. ನನ್ನ ಹಿಂದೆ ಜವಾನ ಕುಳಿತ. ಬಾಯಾರೂ ಮಿಸ್ತ್ರಿಯೂ ಕಂಬವನ್ನು ಅಪ್ಪಿ ಮೇಲಕ್ಕೆಳೆದರು. ಬಾಯಿಂದ ಬೆಲ್ಲ ಬಿಡಿಸಿಕೊಂಡಂಥ ಒಂದು ಸದ್ದಾಗಿ ಕಂಬ ಗೇಣುದ್ದ ಎದ್ದಿತು. ಕಲ್ಲಿನ ಮೇಲೆ ಕಲ್ಲಿಟ್ಟು ಮತ್ತೆರಡು ಸಲ ಕುಳಿತೆವು. ಐದು ಮೂವತ್ತೈದಕ್ಕೆ ಅದು ಪೂರ್ತಿ ಹೊರಗೆ ಬಂತು. ದಲಾಲಿ ಪೆಡಲು ತುಳಿದ.

ಗುಂಡಿಯನ್ನು ಕೈಯಿಂದಲೇ ಮುಚ್ಚಬೇಕಾಯಿತು. ಅದಕ್ಕೆ ಮೊದಲು ಬಾಯಾರು ಹುಣ್ಣಿಮೆಗೆಂದು ಕಟ್ಟಿ ತಂದಿದ್ದ ಬುತ್ತಿಯಿಂದ ಒಂದು ಕಡಬು ತೆಗೆದು, ಬಸುರಿ ಭೂಮಿತಾಯಿಗೆಂದು ಗುಂಡಿಯೊಳಗೆ ಇಟ್ಟರು. ‘ಗುಂಡಿಯನ್ನು ಮಣ್ಣಿನಿಂದ ಮುಚ್ಚತಕ್ಕದ್ದು’ ಎಂದು ಬರೆದಿದ್ದೆ. ಕಡಬಿನ ಮೇಲೆ ಎರಡಡಿ ಮಣ್ಣು ಬೀಳುವುದರಿಂದ ತಕರಾರಿಲ್ಲ ಎಂದು ತೀರ್ಮಾನಿಸಿ, ಉಳಿದ ಕಡಬುಗಳಲ್ಲಿ ಒಂದನ್ನು ತಿಂದೆ. ಸ್ಕೇಲ್ ಅಡ್ಡ ಇಟ್ಟು ನೋಡಿದೆ. ನೆಲ ಸಮವಾಗಿತ್ತು. ಸಮಯ ಐದು ಐವತ್ತು.

ಕಚೇರಿಯ ಬೀಗ ತೆಗೆದು ಎರಡನೆಯ ಪರವಾನಗಿ ಬರೆಯಲು ಕುಳಿತೆ. ಈ ಸಲ ಮೊದಲು ಪಂಚಾಂಗ ತೆರೆದೆ. ಅವಧಿ ದೀಪಾವಳಿ ಅಮಾವಾಸ್ಯೆಗೆ ಮುಗಿಯುತ್ತಿತ್ತು.

“ಅವತ್ತ ಕಬ್ಬಿಣ ಹಚ್ಚಬಹುದೇನು?” ಎಂದು ಜವಾನನನ್ನು ಕೇಳಿದೆ.

“ಧಾರಾಳ ಹಚ್ರಿ. ನಾ ಮಾತ್ರ ಸೂಟಿ ಮ್ಯಾಲ ಇರ್ತೀನಿ.”

ಬಾಯಾರು ನಕ್ಕರು. “ಅಲ್ಲೀ ಮಟ ಬೋರ್ಡ್ ನಿಲ್ಲೂದಿಲ್ಲ ಬಿಡೋ, ಅದಕ್ಕಿಂತ ಮೊದಲ ಪ್ಲಾಟ ಹೋಗ್ತೈತಿ” ಎಂದು ಕೈ ಚಾಚಿದರು.

ಸಹಿ ಮಾಡಿ, ಮೊಹರು ಒತ್ತಿ, ಮಸಿ ಆರಲು ಊದಿ, ಕಾಗದ ಕೊಟ್ಟೆ. ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ರಿಜಿಸ್ಟರಿನಲ್ಲಿ ‘ಕಂಬ ತೆಗೆಯಲಾಗಿದೆ, ಗುಂಡಿ ಮುಚ್ಚಲಾಗಿದೆ’ ಎಂದು ಬರೆದು ಕಪಾಟಿಗೆ ಬೀಗ ಹಾಕಿದೆ.