ಅಕ್ಕನ ಟೋಳಿ ಮತ್ತು ನನ್ನ ಏದುಸಿರಿನ ಲಾರಿ

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಔರಾದ್ ಕಡೆಯ ರಸ್ತೆಗಳಲ್ಲಿ ಲಾರಿಗಿಂತ ಮೊದಲು ಅದರ ಧೂಳು ಊರು ಸೇರುತ್ತಿತ್ತು. ನನ್ನದೂ ಒಂದು ಹಳೆಯ ಲಾರಿ ಇತ್ತು. ಓಡುವಾಗ ಹೇಗೋ ಸಂಭಾಳಿಸಿಕೊಂಡು ಹೋಗುತ್ತಿತ್ತು. ನಿಲ್ಲಿಸಿ ಎಂಜಿನ್ ಚಾಲೂ ಬಿಟ್ಟರೆ ಮಾತ್ರ ಶುರುವಾಗುತ್ತಿತ್ತು ಅದರ ನಾಟಕ. ಗುರ್ರೆಂದು ಏರುವುದು, ಇನ್ನೇನು ಸತ್ತೇಹೋಯಿತು ಎನ್ನುವಷ್ಟು ಇಳಿಯುವುದು, ಮತ್ತೆ ಏರುವುದು. ಈಗಿನ ಗಾಡಿಗಳು ಕೆಟ್ಟರೆ ಸುಮ್ಮನೆ ಒಂದು ಕೆಂಪು ದೀಪ ತೋರಿಸುತ್ತವೆ. ನನ್ನದು ಕೆಟ್ಟರೆ ಊರಿಗೆಲ್ಲ ಹೇಳುತ್ತಿತ್ತು. ನನಗೆ ಈಗಲೂ ಅದರ ಮೇಲೇ ಪ್ರೀತಿ.

ಬೀದರ್‌ನಲ್ಲಿ ಗಾಡಿ ರಿಪೇರಿಗೆ ನನಗೊಬ್ಬ ಹಿರಿಯ ಮಿಸ್ತ್ರಿ ಇದ್ದರು. ಉಸ್ತಾದ್ ಎಂದೇ ಕರೆಯುತ್ತಿದ್ದೆ. ಗಾಡಿ ಯಾವ ಕಾಯಿಲೆ ಹೊತ್ತು ಬಂದರೂ ಅವರು ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು, ಕಡ್ಡಿ ಅದ್ದಿ ಮೂಸುತ್ತಿದ್ದರು. ಸೀಮೆಎಣ್ಣೆ ಬೆರೆತಿದೆಯೋ ಎಂದು ಪರೀಕ್ಷೆ. ಆಮೇಲೆ ಎಂಜಿನ್ ಚಾಲೂ ಮಾಡಿಸಿ ಕಿವಿ ಕೊಡುತ್ತಿದ್ದರು. ನನ್ನ ಗ್ರಹಚಾರಕ್ಕೆ ಅವರ ಮುಂದೆ ಎಂಜಿನ್ ಹಾಲು ಕುಡಿದ ಕೂಸಾಗಿಬಿಡುತ್ತಿತ್ತು.

"ಗಾಡಿ ಬರಾಬರ್ ಅದರಿ. ನಿಮ್ದೇ ದಿಮಾಗ್ ಏರೀ ಇಳೀಲತ್ತದ" ಎಂದು ನಕ್ಕರು.

ಆದರೂ ನನ್ನ ಸಮಾಧಾನಕ್ಕೆ ಫಿಲ್ಟರ್ ತೊಳೆದು ಕೊಟ್ಟರು. ಭಾಲ್ಕಿ ಮುಟ್ಟುವಷ್ಟರಲ್ಲಿ ಮತ್ತೆ ಅದೇ ಏದುಸಿರು. ತಿರುಗಿ ಹೋದೆ. ಮತ್ತೆ ಮುಚ್ಚಳ, ಮತ್ತೆ ಮೂಸುವುದು, ಮತ್ತೆ "ಬರಾಬರ್ ಅದ". ಈ ಸಲ ಪೈಪಿನ ವಾಷರ್‌ಗಳನ್ನು ಬದಲಿಸಿದರು. ಅದೂ ದಂಡ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಮೂರನೇ ಸಲ ಹೋದವನು ನಾಲ್ಕು ಮಂದಿ ಗಿರಾಕಿಗಳ ಎದುರಿಗೇ, "ಉಸ್ತಾದ್, ನಿಮಗ ಕಿವಿ ಕೇಳ್ತಾವೋ ಇಲ್ಲೋ? ವಯಸ್ಸಾಯ್ತು, ಮನ್ಯಾಗ ಕೂಡ್ರಿ" ಎಂದುಬಿಟ್ಟೆ. ಅವರು ಬಟ್ಟೆಗೆ ಕೈ ಒರೆಸಿಕೊಂಡರು.

ಆ ವರ್ಷವೇ ನನ್ನ ಅಕ್ಕ ಮೊದಲ ಸಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟದ್ದು. ಅವಳನ್ನು ಮದುವೆ ಮಾಡಿ ಕೊಟ್ಟದ್ದು ಎಕಂಬಾ ಎಂಬ ಊರಿಗೆ. ಊರಲ್ಲಿ ಕೂಲಿ ಇಲ್ಲವೆಂದು ಅವಳೇ ಮನೆಮನೆ ತಿರುಗಿ ಗಂಡ-ಹೆಂಡಿರ ಎಂಟು ಜೋಡಿಗಳನ್ನು ಕೂಡಿಸಿ ಟೋಳಿ ಕಟ್ಟಿದ್ದಳು. ಕೆಲಸ ಕೊಡುವ ಮುಕಾದಮ ತಾನೇ ಗಾಡಿ ಕಳಿಸುತ್ತೇನೆ ಅಂದಿದ್ದ. "ಬ್ಯಾಡ್ರಿ, ನಮ್ಮ ತಮ್ಮಂದು ಗಾಡಿ ಅದ" ಎಂದಳಂತೆ. ಸರಿ, ಶುಕ್ರವಾರ ಹೊತ್ತು ಮುಳುಗುವ ಮುಂಚೆ ಹೊಲದಲ್ಲಿರಬೇಕು, ಇಲ್ಲದಿದ್ದರೆ ಆ ಕೆಲಸ ಬೇರೆ ಟೋಳಿಗೆ ಎಂದು ಅವನು ಖಡಾಖಂಡಿತ ಹೇಳಿದ್ದ. ಎಂಟು ಮನೆಯವರು ಅಕ್ಕನ ಮಾತು ನಂಬಿದ್ದರು. ಅಕ್ಕ ನನ್ನ ಲಾರಿಯನ್ನು ನಂಬಿದ್ದಳು.

ಶುಕ್ರವಾರ ಬೆಳಿಗ್ಗೆ ಹಾಸಿಗೆ, ಕೊಡ, ಕುಡುಗೋಲು, ಎರಡು ಆಡು, ಎಲ್ಲ ಹೇರಿ ಎಕಂಬಾ ಬಿಟ್ಟೆವು. ಕ್ಯಾಬಿನ್ನಿನಲ್ಲಿ ಬಾ ಎಂದರೆ ಅಕ್ಕ ಒಪ್ಪಲಿಲ್ಲ. "ನಾ ಕರಕೊಂಡ್ ಬಂದೇನಿ, ಅವರ ಜೋಡಿನೇ ಕೂಡ್ತೇನಿ" ಎಂದು ಹಿಂದೆ ಹತ್ತಿದಳು. ಭಾಲ್ಕಿ ದಾಟಿ ಮೆಹಕರದ ದಾರಿ ಹಿಡಿದಿದ್ದೇವೆ, ಈ ಸಲ ಓಡುತ್ತಿರುವಾಗಲೇ ಎಂಜಿನ್ ಎರಡು ಸಲ ಏದುಸಿರು ಬಿಟ್ಟು ಸತ್ತಿತು. ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆದೆ. ಚಾಲೂ ಆಯಿತು, ಏರಿತು, ಇಳಿಯಿತು, ಮತ್ತೆ ಸತ್ತಿತು. ಮಧ್ಯಾಹ್ನವಾಯಿತು. ನೆರಳೆಂಬುದು ಲಾರಿಯ ಅಡಿಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ.

"ಮುಕಾದಮನ ಗಾಡಿ ಹತ್ತಿದ್ರ ಈಟೊತ್ತಿಗಿ ಮುಟ್ತಿದ್ವಿ" ಎಂದ ಟೋಳಿಯ ಒಬ್ಬ ಮುದುಕ. ಅಕ್ಕ ತಲೆ ತಗ್ಗಿಸಿದಳು. ಯಾರ ಮುಂದೆಯೂ ಅವಳು ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಟ್ಯಾಂಕಿನ ಹತ್ತಿರ ಬಂದು ನಿಂತಳು.

"ಇದರ ಮುಚ್ಚಳಕ್ಕ ಯಾಕೋ ಮೇಣ ಮೆತ್ತೀದಿ?"

"ಅಲ್ಲೊಂದು ಸಣ್ಣ ತೂತ ಇತ್ತು. ಧೂಳ ಹೋಗ್ತದಂತ ಬಂದ್ ಮಾಡೀನಿ" ಎಂದೆ. ಬೇಸಿಗೆಯಲ್ಲಿ ಮಾಡಿದ ಆ ಕೆಲಸದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ.

"ಎಣ್ಣಿ ಡಬ್ಬಿಗಿ ಒಂದೇ ತೂತ ಹೊಡದ್ರ ಎಣ್ಣಿ ಹ್ಯಾಂಗ ಬರ್ತದೋ? ಗುಳುಕ್ ಗುಳುಕ್ ಅಂತದ, ನಿಲ್ತದ. ಗಾಳಿಗಿ ಇನ್ನೊಂದು ತೂತ ಬ್ಯಾಡೇನು?"

"ಇದು ಲಾರಿ ಅಕ್ಕಾ, ಎಣ್ಣಿ ಡಬ್ಬಿ ಅಲ್ಲ" ಎಂದು ರೇಗಿದೆ. ರೇಗುತ್ತಲೇ ಮುಚ್ಚಳ ತಿರುಗಿಸಿದೆ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು, ಎಷ್ಟೋ ಹೊತ್ತು ನುಗ್ಗುತ್ತಲೇ ಇತ್ತು. ಅಕ್ಕ ಸೆರಗಿನ ಪಿನ್ನು ತೆಗೆದು ಮೇಣವನ್ನೆಲ್ಲ ಕೆದಕಿ ಹಾಕಿದಳು. ಪೈಪಿನ ಗಾಳಿ ಇನ್ನೊಮ್ಮೆ ತೆಗೆದು ಚಾಲೂ ಮಾಡಿದೆ. ಎಂಜಿನ್ ಒಂದೇ ಸಮನೆ ನಡೆಯಿತು. ಉಸ್ತಾದರು ಪ್ರತಿ ಸಲ ಮೂಸಲೆಂದು ಮುಚ್ಚಳ ತೆಗೆದಾಗಲೇ ರೋಗ ವಾಸಿಯಾಗುತ್ತಿತ್ತು, ಬಿಗಿಯಾಗಿ ಮುಚ್ಚಿಕೊಂಡು ಹೊರಟ ನಾನು ಅದನ್ನು ಮತ್ತೆ ತರುತ್ತಿದ್ದೆ. ಮರುವಾರ ಹೋಗಿ ಅವರ ಕೈ ಹಿಡಿದು ತಪ್ಪಾಯಿತೆಂದೆ. "ಮುಚ್ಚಳಾ ತೆಗೀದೇ ನಾನೂ ಒಮ್ಮಿ ಎಂಜಿನ್ ಸಪ್ಪಳ ಕೇಳಬೇಕಿತ್ತರಿ" ಎಂದು ಚಹಾ ತರಿಸಿದರು. ದೊಡ್ಡ ಮನುಷ್ಯ.

ಆ ಶುಕ್ರವಾರ ಬಿಸಿಲು ಇನ್ನೂ ಇರುವಾಗಲೇ ಹೊಲ ಮುಟ್ಟಿದೆವು. ಮುಕಾದಮ ತಕರಾರಿಲ್ಲದೆ ಎಂಟೂ ಜೋಡಿಗಳನ್ನು ಕೆಲಸಕ್ಕೆ ತೆಗೆದುಕೊಂಡ. ಮುದುಕ ಅಕ್ಕನನ್ನು ನೋಡಿ ನಕ್ಕ. ಎಲ್ಲರೂ ಗಂಟುಮೂಟೆ ಇಳಿಸಿ ಗುಡಿಸಲಿಗೆ ಜಾಗ ಹುಡುಕತೊಡಗಿದರು. ಕಬ್ಬು ಮುಗಿಯುವವರೆಗೆ ಅಕ್ಕ ಇಲ್ಲೇ. ವರ್ಷವೂ ಜೊತೆಗೇ ಮಾಡುತ್ತಿದ್ದ ನಮ್ಮ ಕ್ರಿಸ್‌ಮಸ್ಸಿಗೂ ಅವಳು ಊರಲ್ಲಿರುವುದಿಲ್ಲ ಎಂಬುದು ಆಗಷ್ಟೇ ನನ್ನ ತಲೆಗೆ ಹೋಯಿತು. ಸ್ವಲ್ಪ ಹೊತ್ತು ಕೂತು ಹೋಗೋಣವೆಂದು ಎಂಜಿನ್ ನಿಲ್ಲಿಸಲು ಕೈ ಚಾಚಿದೆ.

ಅಕ್ಕ ಕಿಟಕಿಯ ಕೆಳಗೆ ಬಂದು ನನ್ನ ಮೊಣಕೈ ಹಿಡಿದಳು. "ಬಂದ್ ಮಾಡಬ್ಯಾಡೋ ತಮ್ಮಾ. ನೀ ನಿಂತ್ರ ನಾನೂ ಹತ್ತಿ ಬಂದ್ಬಿಡ್ತೇನಿ."

ಅವಳ ಹಿಂದೆ ಎಂಟು ಮನೆಯವರಿದ್ದರು. ಚಾಚಿದ ಕೈ ಹಿಂದೆ ತೆಗೆದುಕೊಂಡೆ. ಒಂದೇ ಒಂದು ಸಲ ಈ ಎಂಜಿನ್ ಸತ್ತು ನಿಲ್ಲಬಾರದೇ, ಲಾರಿ ಇಲ್ಲೇ ಒಂದು ದಿನ ಕೆಟ್ಟು ಬೀಳಬಾರದೇ ಎಂದು ಬೇಡಿಕೊಂಡೆ. ಅದು ಒಂದೇ ಸಮನೆ ನಡೆಯುತ್ತಿತ್ತು. ಗೇರ್ ಹಾಕಿದೆ.