ಹುರುಳಿ ತುಳಿದ ಕಾರಿಗೊಂದು ವಾರಂಟಿ

ಇವತ್ತು ಬೆಳಿಗ್ಗೆ ಕಾರಿನ ಬಟನ್ ಒತ್ತಿ ಎಂದಿನಂತೆ ಕಾದು ಕುಳಿತೆ. ಸ್ಟೇರಿಂಗಿನ ಎದುರಿನ ದೀಪಗಳು ಒಂದೊಂದಾಗಿ ಹತ್ತಿ ಆರಿದವು, ಎಂಜಿನ್ ಬಿಸಿಯಾಯಿತು. ಹುರುಳಿ ಬಳ್ಳಿ ಸೀದ ವಾಸನೆ ಮಾತ್ರ ಬರಲಿಲ್ಲ. ಹತ್ತಿರ ಹತ್ತಿರ ಒಂದು ವರ್ಷ ದಿನಾ ಬೆಳಿಗ್ಗೆ ಮೂಗಿಗೆ ಬಡಿಯುತ್ತಿದ್ದ ವಾಸನೆ ಅದು. ಹೊಲದ ಬದುವಿನಲ್ಲಿ ಯಾರೋ ಕಸ ಸುಟ್ಟಂತೆ ಇರುತ್ತಿತ್ತು.

ಪರದೇಶದ ಕಾರು, ಚರ್ಮದ ಸೀಟು, ಅದರೊಳಗೆ ಹುರುಳಿ ವಾಸನೆಯೇ ಎಂದು ಮೂಗು ಮುರಿಯಬೇಡಿ. ಸ್ವಲ್ಪ ಹೊತ್ತು ನನ್ನ ಜೊತೆ ಕೂತುಕೊಳ್ಳಿ, ಹೇಳುತ್ತೇನೆ. ಎಡಗಡೆಯ ಸೀಟು ಖಾಲಿಯೇ ಇದೆ. ಕಾರು ಬಹಳ ತಗ್ಗು, ತಲೆ ಬಗ್ಗಿಸಿ ಬನ್ನಿ. ಮಣೆಯ ಮೇಲೆ ಕೂತ ಹಾಗೆ ಆಗುತ್ತದೆ, ಗಾಬರಿಯಾಗಬೇಡಿ. ನಾನೂ ಮೊದಲ ದಿನ ಕೂತವಳು ಏಳಲಾರದೆ ನಮ್ಮ ಮನೆಯವರ ಕೈ ಹಿಡಿದು ಎದ್ದಿದ್ದೆ. ಕೊಟ್ಟೂರಿನ ಅರ್ಧ ಓಣಿ ನಿಂತು ನೋಡಿತ್ತು.

ನಮ್ಮ ಮನೆಯವರದು ಪಂಪ್‌ಸೆಟ್ ಅಂಗಡಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಯಾವ ಬೋರಿಗೆ ಯಾವ ಮೋಟರು ಇಳಿದಿದೆ ಎಂದು ಅವರಿಗೆ ಬಾಯಿಪಾಠ. ಜೀವಮಾನವೆಲ್ಲ ಮೋಟರ್‌ಸೈಕಲ್ಲಿನಲ್ಲಿ ತಿರುಗಿದ ಮನುಷ್ಯನಿಗೆ ಅರವತ್ತರ ಹತ್ತಿರ ಬಂದಾಗ ಈ ಚಟ ಹತ್ತಿತು. ಹೊಸಪೇಟೆಯ ಕಂಟ್ರಾಕ್ಟರ್ ಒಬ್ಬರು ಕೊಂಡು, ಶೆಡ್ಡಿನಲ್ಲೇ ನಿಲ್ಲಿಸಿಕೊಂಡು ಬೇಸರವಾಗಿ ಮಾರಿದ ಕಪ್ಪು ಕಾರು. ಮನೆ ಮುಂದೆ ತಂದು ನಿಲ್ಲಿಸಿದಾಗ ನನಗೆ ಇನ್ನೂ ನಿವೃತ್ತಿ ಆಗಿರಲಿಲ್ಲ, ಆಗಷ್ಟೇ ಶಾಲೆಯಿಂದ ಬಂದಿದ್ದೆ. ಬ್ಯಾಗು ಹೆಗಲಲ್ಲೇ ಇತ್ತು.

"ಏನ್ರೀ ಇದು, ನಮ್ಮಂಥೋರ ಗಾಡಿ ಏನಿದು? ನಾಳಿ ಇದು ಕೆಟ್ಟು ಕುಂತ್ರ ಯಾರು ನೋಡೋರು?" ಎಂದೆ.

"ಟೀಚರಮ್ಮ, ಇದಕ್ಕ ವಾರಂಟಿ ಐತಿ. ನನಗ ನಿನಗ ಇಲ್ಲ ನೋಡು," ಎಂದು ನಕ್ಕರು. ಮದುವೆಯಾದಾಗಿನಿಂದ ನನ್ನನ್ನು ಟೀಚರಮ್ಮ ಎಂದೇ ಕರೆಯುವುದು. ಸಿಟ್ಟು ಬಂದಾಗಲೂ ಅದೇ.

ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತಿರಬೇಕು. ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹುರುಳಿ, ಸಜ್ಜೆ, ನವಣೆ ಎಲ್ಲವನ್ನೂ ರಸ್ತೆಯ ಒಂದು ಮಗ್ಗುಲಿಗೆ ಹರಡುತ್ತಾರೆ. ಬಸ್ಸು ಲಾರಿಗಳು ತುಳಿದು ಹೋಗುತ್ತವೆ, ಕಾಳು ಬಿಡುತ್ತದೆ. ಪಕ್ಕದಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡ ಹೆಣ್ಣುಮಕ್ಕಳು ಪೊರಕೆ, ಮೊರ ಹಿಡಿದು ನಿಂತಿರುತ್ತಾರೆ. ಸಣ್ಣ ಗಾಡಿಯವರು ಬೈದುಕೊಂಡು ಪಕ್ಕಕ್ಕೆ ಇಳಿಸಿಕೊಂಡು ಹೋಗುತ್ತಾರೆ. ತಗ್ಗು ಕಾರಿನವರಂತೂ ದೂರದಿಂದಲೇ ಹಾರ್ನು ಹೊಡೆಯುತ್ತಾರೆ, ಏಕೆಂದರೆ ಬಳ್ಳಿ ಗಾಡಿಯ ಹೊಟ್ಟೆಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ, ಬಿಸಿಗೆ ಹೊಗೆ ಏಳುವುದೂ ಉಂಟು.

ನಮ್ಮ ಮನೆಯವರು ಮಾತ್ರ ಒಂದು ದಿನವೂ ಪಕ್ಕಕ್ಕೆ ಇಳಿಸಲಿಲ್ಲ. ಹುರುಳಿ ಕಂಡ ಕೂಡಲೇ ಕಾರನ್ನು ಎತ್ತಿನ ಬಂಡಿಯ ನಡಿಗೆಗೆ ತಂದು, ಸರಿಯಾಗಿ ಬಳ್ಳಿಯ ಮೇಲೇ ಗಾಲಿ ಹಾಯಿಸುತ್ತಿದ್ದರು. ರೈತರ ಮಗ ನೋಡಿ. ಅವರಪ್ಪ ಕಣದಲ್ಲಿ ಎತ್ತು ಕಟ್ಟಿ ಕಾಳು ಬಿಡಿಸುವ ರೋಣಗಲ್ಲು ಹೊಡೆಸುತ್ತಿದ್ದರಂತೆ.

"ದೊಡ್ಡ ಕಾರು ಅಂತ ಪಕ್ಕಕ್ಕ ಸರದು ಹೋದ್ರ ಅವ್ರಿಗೆ ಏನನ್ನಿಸ್ಬೇಕು ಹೇಳು? ಇವ್ನಿಗೆ ಎಷ್ಟು ಸೊಕ್ಕು ಬಂತಪಾ ಅಂತಾರ," ಎನ್ನುತ್ತಿದ್ದರು.

ಹೆಣ್ಣುಮಕ್ಕಳಿಗೂ ಇದು ಗೊತ್ತಾಗಿಬಿಟ್ಟಿತ್ತು. ಕಪ್ಪು ಕಾರು ಕಂಡರೆ ಕೈ ಬೀಸುತ್ತಿದ್ದರು. "ಇನ್ನೊಂದು ಸರ್ತಿ ಹಾಯ್ಸ್ರೀ ಸಾವ್ಕಾರ್ರ, ಇನ್ನೂ ಹಸೀ ಐತಿ," ಎನ್ನುವರು. ಇವರು ಗೇರು ಹಾಕಿ ಹಿಂದಕ್ಕೆ ಹೋಗುವುದು, ಮತ್ತೆ ಮುಂದಕ್ಕೆ ಬರುವುದು. ಕಾರು ಹಿಂದೆ ಬರುವಾಗ ಕಿವಿ ಕಿತ್ತು ಹೋಗುವಂತೆ ಕೀಂ ಕೀಂ ಎನ್ನುತ್ತದೆ. ಹಿಂದೆ ಏನೋ ಅಡ್ಡ ಇದೆ ಎಂದು ಅದಕ್ಕೆ ಭಯ. ನಾನು ಒಳಗೆ ಸೆರಗು ಮುಖಕ್ಕೆ ಹಿಡಿದುಕೊಂಡು ಕೂತಿರುತ್ತಿದ್ದೆ, ನನ್ನ ಹಳೇ ವಿದ್ಯಾರ್ಥಿಗಳು ಯಾರಾದರೂ ನೋಡಿಯಾರು ಎಂದು. ಕೆಲವು ಸಲ ನೋಡುತ್ತಲೂ ಇದ್ದರು. "ನಮಸ್ಕಾರ್ರೀ ಮಿಸ್" ಎಂದು ಗಾಜು ಬಡಿದು ಒಂದಿಷ್ಟು ಹೊಸ ಹುರುಳಿ ಕಟ್ಟಿ ಕೊಡುತ್ತಿದ್ದರು. ಆ ದಿನ ಮನೆಯಲ್ಲಿ ಹುರುಳಿ ಕಟ್ಟಿನ ಸಾರು. ಅವರು ಬಟ್ಟಲೆತ್ತಿ ಕುಡಿದು, "ಇದ್ರಾಗ ನಮ್ಮ ಗಾಡಿ ಬೆವರು ಐತಿ," ಎನ್ನುವರು.

ಒಂದು ಸಲ ಕೂಡ್ಲಿಗಿ ರಸ್ತೆಯಲ್ಲಿ ಎದುರಿನ ದೀಪಗಳೆಲ್ಲ ಒಮ್ಮೆಲೇ ಕೆಂಪಗೆ ಹತ್ತಿ ಕಾರು ನಿಂತೇ ಬಿಟ್ಟಿತು. ಎಳೆಸಿಕೊಂಡು ವರ್ಕ್‌ಶಾಪಿಗೆ ಹೋದರೆ ಹೊಟ್ಟೆಯ ಕೆಳಗಿಂದ ಬುಟ್ಟಿ ತುಂಬ ಬಳ್ಳಿ ತೆಗೆದರು. ಯಾವುದೋ ವೈರು ಹರಿದಿತ್ತು. ಇದು ಹೊರಗಿನಿಂದ ಆದ ಹಾನಿ, ವಾರಂಟಿಯಲ್ಲಿ ಬರುವುದಿಲ್ಲ ಎಂದರು. ಇವರು ಜಗಳ ಆಡಲಿಲ್ಲ. ಕೈಗೆ ಸಿಕ್ಕ ಬಳ್ಳಿಯನ್ನು ಹಿಸುಕಿ ನೋಡಿ, "ಕಾಳು ಚೆಂದ ಬಿಟ್ಟೈತಿ," ಎಂದು ನನಗೆ ತೋರಿಸಿದರು. ಆಗ ನನಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸಿತ್ತು. ಈಗ ಆ ಮಾತನ್ನು ಮತ್ತೊಮ್ಮೆ ಪೂರ್ತಿಯಾಗಿ ಅವರ ಬಾಯಿಂದ ಕೇಳಿದರೆ ಸಾಕು ಎನ್ನಿಸುತ್ತದೆ.

ಹೋದ ಸುಗ್ಗಿಯಲ್ಲಿ ಒಂದು ಸಂಜೆ ಕಾನಹೊಸಹಳ್ಳಿಯಿಂದ ಬಂದರು. ದಾರಿಯುದ್ದಕ್ಕೂ ಹುರುಳಿ ಹಾಕಿದ್ದಾರೆ ಎಂದು ಖುಷಿಯಲ್ಲಿದ್ದರು. ಶೆಡ್ಡಿನಲ್ಲಿ ಕಾರು ನಿಲ್ಲಿಸಿ ಒಳಗೆ ಬಂದು ನೀರು ಕೇಳಿದರು. ಕೊಟ್ಟ ತಂಬಿಗೆ ಬಲಗೈಯಿಂದ ಜಾರಿ ಬಿತ್ತು. "ಏನ್ರೀ, ಕಣ್ಣು ಎಲ್ಲಿ ಅದಾವು?" ಎಂದು ರೇಗಿದೆ. ಉತ್ತರ ಕೊಡಲು ಬಾಯಿ ತೆರೆದರು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಲಕ್ವ ಹೊಡೆದಿತ್ತು.

ಆಮೇಲಿನದನ್ನು ಬಹಳ ಹೇಳುವುದಿಲ್ಲ. ರೋಗಿಯನ್ನು ನೋಡಿಕೊಂಡವರಿಗೆ ಹೇಳುವುದು ಬೇಕಿಲ್ಲ, ನೋಡಿಕೊಳ್ಳದವರಿಗೆ ಹೇಳಿದರೂ ಅಷ್ಟೇ. ಎಬ್ಬಿಸು, ಕೂರಿಸು, ಒರೆಸು, ಗಂಜಿ ಕುಡಿಸು, ಕಾಲು ತಿಕ್ಕು, ಮತ್ತೆ ಮಲಗಿಸು. ಅಂಗಡಿಯನ್ನು ಬಾಡಿಗೆಗೆ ಕೊಟ್ಟೆವು. ಬಂದವರು ಬಾಳೆಹಣ್ಣು ತಂದು, "ನೀವು ಗಟ್ಟಿ ಅದೀರಿ ಬಿಡ್ರಿ ಟೀಚರ್ರ," ಎಂದು ಹೇಳಿ ಹೋಗುತ್ತಾರೆ. ನಾನು ಗಟ್ಟಿ ಇಲ್ಲ. ನನಗೆ ಸಾಕಾಗಿದೆ. ಒಂದೊಂದು ದಿನ ಬಾಗಿಲಿಗೆ ಒರಗಿ ನಿಂತರೆ ನಿಂತಲ್ಲೇ ನಿದ್ದೆ ಬರುತ್ತದೆ. ಕಾರಿನ ಸೀಟು ತಗ್ಗಾದ್ದರಿಂದ ಅವರನ್ನು ಅದರೊಳಗೆ ಇಳಿಸುವುದು ಏಳಿಸುವುದು ಆಗದ ಮಾತು. ದಾವಣಗೆರೆಯ ಡಾಕ್ಟರ ಹತ್ತಿರ ಹೋಗಲು ಎತ್ತರದ ಬಾಡಿಗೆ ಗಾಡಿಯೇ ಬೇಕು. ಇಷ್ಟು ದೊಡ್ಡ ಕಾರು ಬೇಕಾದ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಅವರು ತಿಳಿಯುವಂತೆ ಆಡಿದ ಮೊದಲ ಮಾತು ಕಾರಿನದೇ. "ಗಾಡಿ... ಚಾಲೂ... ಮಾಡು." ನಿಂತೇ ಇದ್ದರೆ ಬ್ಯಾಟರಿ ಇಳಿಯುತ್ತದಲ್ಲ, ಅದಕ್ಕೆ. ಮತ್ತೆ ಓಡಿಸುವ ಆಸೆ ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಅಂದಿನಿಂದ ದಿನಾ ಬೆಳಿಗ್ಗೆ ಅವರಿಗೆ ಚಹಾ ಕುಡಿಸಿ ಪಡಸಾಲೆಯ ಕುರ್ಚಿಯಲ್ಲಿ ಕೂರಿಸುತ್ತೇನೆ. "ಚಾಲೂ ಮಾಡಿದ್ಯಾ?" ಎನ್ನುತ್ತಾರೆ. ಹೋಗಿ ಮಾಡುತ್ತೇನೆ. ಓಡಿಸಲು ಬಾರದವಳು ಡ್ರೈವರನ ಸೀಟಿನಲ್ಲಿ ಸುಮ್ಮನೆ ಕೂರುತ್ತೇನೆ.

ನಿಜ ಹೇಳಲೇ? ಬಾಗಿಲು ಹಾಕಿಕೊಂಡರೆ ಆ ಕಾರಿನೊಳಗೆ ಹೊರಗಿನ ಸದ್ದು ಬರುವುದಿಲ್ಲ. ಸೊಂಟ ತಾನಾಗಿಯೇ ಹಿಂದಕ್ಕೆ ಒರಗುತ್ತದೆ. ನಿಧಾನವಾಗಿ ಹುರುಳಿ ಸೀದ ವಾಸನೆ ಏಳುತ್ತದೆ, ಅವರು ಕಡೆಯ ದಿನ ಓಡಿಸಿಕೊಂಡು ಬಂದಾಗ ಸುತ್ತಿಕೊಂಡ ಬಳ್ಳಿಯದು. ಅಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೆಲವು ದಿನ ಅಳುತ್ತೇನೆ, ಬಹಳ ದಿನ ತೂಕಡಿಸುತ್ತೇನೆ.

ಹೀಗಿರುವಾಗ ಫೋನು ಬರಲು ಶುರುವಾಯಿತು. ಕಾರಿನ ವಾರಂಟಿ ಮುಗಿಯುತ್ತಿದೆ, ಹಳೇ ಗಾಡಿಗೆ ಮುಂದುವರಿಸಲು ಇದೇ ಕಡೆಯ ಅವಕಾಶ, ಮುಂದೆ ಕೇಳಿದರೂ ಕೊಡುವುದಿಲ್ಲ. ಎಷ್ಟು ದುಡ್ಡೆಂದು ಹೇಳಿ ನಿಮಗೂ ಸಂಕಟ ಕೊಡುವುದಿಲ್ಲ. ಹರಪನಹಳ್ಳಿಯ ಮೈದುನ, "ವೈನಿ, ಸುಮ್ನ ಮಾರಿಬಿಡ್ರಿ. ಅಣ್ಣ ಇನ್ನ ಎಲ್ಲಿ ಓಡಸ್ತಾನ?" ಎಂದ. ಹಡಗಲಿಯಲ್ಲಿರುವ ಮಗಳು, "ಅವ್ವಾ, ಮಾರ್ತೀನಿ ಅಂದ್ರ ಅಪ್ಪ ಎದಿ ಒಡ್ಕೊಂತಾನ, ವಾರಂಟಿ ತಗೊಂಬಿಡು," ಎಂದಳು. ಇಬ್ಬರೂ ಹೇಳಿ ಫೋನು ಇಟ್ಟರು.

ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಡೆದಾಡಿಯಾರು, ಆದರೆ ಬಲಗೈ ಮೊದಲಿನಂತಾಗುವ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಹಾಗಾಗಿ ನನಗೆ ವಾರಂಟಿ ಎಂದರೆ ಕಾರಿನ ಮಾತಾಗಿ ಉಳಿಯಲಿಲ್ಲ. ತಗೊಂಡರೆ, ನೀವು ಮತ್ತೆ ಓಡಿಸುತ್ತೀರಿ ಎಂದು ಅವರಿಗೆ ಸುಳ್ಳು ಹೇಳಿದಂತೆ. ಬೇಡವೆಂದರೆ, ಇನ್ನು ಮುಗಿಯಿತು ಎಂದು ಅವರ ಮುಖಕ್ಕೇ ಹೇಳಿದಂತೆ. ಮಕ್ಕಳಿಗೆ ಸರಿ ತಪ್ಪು ಹಾಕಿ ಹಾಕಿ ಕೈ ಸವೆಸಿಕೊಂಡವಳಿಗೆ ಇದೊಂದಕ್ಕೆ ಏನು ಹಾಕಬೇಕೆಂದು ತಿಳಿಯಲಿಲ್ಲ. ಫೋನಿನವರಿಗೆ, ಆಯಿತು, ಗಾಡಿ ನೋಡಲು ಕಳಿಸಿ ಎಂದುಬಿಟ್ಟೆ. ಸುಳ್ಳೇ ಇರಲಿ, ಅವರು ಆಸೆಯಿಂದ ಇರಲಿ ಎಂದು.

ನಿನ್ನೆ ದಾವಣಗೆರೆಯಿಂದ ಒಬ್ಬರು ಬಂದರು. ಮಾತಿನ ಮನುಷ್ಯ. ಜಾಕು ಹಚ್ಚಿ ಗಾಡಿ ಎತ್ತಿ, ಟಾರ್ಚು ಹಿಡಿದು ಕೆಳಗೆ ನೋಡಿದವರೇ, "ಅಯ್ಯಯ್ಯಪ್ಪಾ!" ಎಂದು ಕೂಗಿದರು. ಕೈ ಹಾಕಿ ಎಳೆದ ಹಾಗೆಲ್ಲ ಕಪ್ಪಗೆ ಸೀದ ಬಳ್ಳಿ ಬಂತು. "ಮೇಡಂ, ಇಷ್ಟು ದಿನ ಬೆಂಕಿ ಹತ್ತದೇ ಇದ್ದದ್ದು ನಿಮ್ ಪುಣ್ಯ. ಇಲ್ ನೋಡ್ರಿ, ಇನ್ಮುಂದೆ ಇದು ಕಂಡ್ರೆ ವಾರಂಟಿ ಕ್ಯಾನ್ಸಲ್. ಯಜಮಾನ್ರು ಬೆಳೆ ಮೇಲೆ ಗಾಡಿ ಹಾಯಿಸ್ಬಾರ್ದು, ಪಕ್ಕಕ್ಕೆ ಇಳಿಸ್ಕೊಂಡು ಹೋಗ್ಬೇಕು." ಆಮೇಲೆ ಪಡಸಾಲೆಯಲ್ಲಿ ಕೂತವರನ್ನು ಆಗಷ್ಟೇ ನೋಡಿದವರಂತೆ ದನಿ ತಗ್ಗಿಸಿ, "ಗಾಡಿ ಯಾರು ಓಡಿಸ್ತಾರೆ ಮೇಡಂ?" ಎಂದರು.

"ಅವ್ರ ಓಡಸ್ತಾರ. ಸ್ವಲ್ಪ ದಿನದಾಗ ಆರಾಮ ಆಗ್ತಾರ," ಎಂದೆ, ಪಡಸಾಲೆಗೆ ಕೇಳುವಷ್ಟು ಜೋರಾಗಿ.

"ಹಂಗಾರೆ ಎರಡು ವರ್ಷದ್ದೇ ಮಾಡ್ಬಿಡ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ಮಾತು ಬಂತು. "ಬ್ಯಾಡ."

ನನಗೆ ಎಲ್ಲಿತ್ತೋ ಸಿಟ್ಟು. ಬಂದವರು ಇದ್ದಾರೆ ಎನ್ನುವುದನ್ನೂ ಮರೆತೆ. "ಯಾಕ ಬ್ಯಾಡ? ನೀವು ಓಡ್ಸೋದಿಲ್ಲೇನು ಮತ್ತ?"

"ಇಲ್ಲ," ಎಂದರು. ಸೊಟ್ಟ ಬಾಯಿಂದ ಬಂದ ಆ ಮಾತು ಬಹಳ ಸ್ಪಷ್ಟವಾಗಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ, ನನಗೆ ತೋರಿಸಿ, ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಎಷ್ಟು ದಿನದಿಂದ ಗೊತ್ತಿತ್ತೋ ಅವರಿಗೆ. ಇಡೀ ಮನೆಯಲ್ಲಿ ಆ ಆಸೆಯನ್ನು ಹಿಡಿದುಕೊಂಡು ಕೂತವಳು ನಾನೊಬ್ಬಳೇ ಆಗಿದ್ದೆ.

ಬಂದವರು ಚಹಾ ಕೂಡ ಕುಡಿಯದೆ ಹೊರಟರು. ಗೇಟು ಹಾಕಿ ಬಂದು ಇವರ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ.

"ಮತ್ತ ದಿನಾ ಮುಂಜಾನಿ ಯಾಕ ಕೇಳ್ತೀರಿ, ಚಾಲೂ ಮಾಡಿದ್ಯಾ ಅಂತ? ಓಡ್ಸೋದ ಇಲ್ಲಂದ ಮ್ಯಾಲೆ ಯಾಕ ನನ್ನ ಓಡಾಡ್ಸ್ತೀರಿ?" ಎಂದು ಕೇಳಿದೆ.

ಬಹಳ ಹೊತ್ತು ಮಾತು ಹುಡುಕಿದರು. ಬೆವರು ಬಂತು, ಸೆರಗಿನಿಂದ ಒರೆಸಿದೆ. "ನೀ... ಅಲ್ಲಿ... ಕುಂದರ್ತಿ," ಎಂದರು. ತಡೆದು, ಮತ್ತೆ, "ಅಷ್ಟು ಹೊತ್ತಾದ್ರೂ... ನನ್ನ ಬಿಟ್ಟು... ಕುಂದರ್ತಿ, ಟೀಚರಮ್ಮ."

ಪಡಸಾಲೆಯ ಆ ಕುರ್ಚಿಯಿಂದ ಶೆಡ್ಡು ನೇರವಾಗಿ ಕಾಣುತ್ತದೆ ಎನ್ನುವುದು ಇಷ್ಟು ದಿನ ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ಅತ್ತದ್ದು, ತೂಕಡಿಸಿದ್ದು, ಬಾಯಿ ತೆರೆದು ಮಲಗಿದ್ದು ಎಲ್ಲವನ್ನೂ ಅವರು ನೋಡಿದ್ದಾರೆ. ನೋಡಿಯೂ ಮರುದಿನ ಮತ್ತೆ ಕಳಿಸಿದ್ದಾರೆ.

ಆ ಸೀದ ಬಳ್ಳಿಯನ್ನು ನಿನ್ನೆ ಸಂಜೆ ಗುಡಿಸಿ ತಿಪ್ಪೆಗೆ ಹಾಕಿದೆ. ವಾರಂಟಿ ಮುಗಿದರೆ ಮುಗಿಯಲಿ. ಕಾರು ಶೆಡ್ಡಿನಲ್ಲಿ ಇರುವಷ್ಟು ದಿನ ಇರುತ್ತದೆ. ಬ್ಯಾಟರಿ ಸತ್ತರೂ ಸೀಟು ಎಲ್ಲಿಗೆ ಹೋಗುತ್ತದೆ? ಮೈದುನನಿಗೂ ಮಗಳಿಗೂ ಫೋನು ಮಾಡಿ ಇಷ್ಟನ್ನೇ ಹೇಳಬೇಕು. ನಾಳೆ ಹೇಳುತ್ತೇನೆ, ಇವತ್ತು ಬೇಡ.

ಇವತ್ತು ಬೆಳಿಗ್ಗೆ ಅವರು ಎಂದಿನಂತೆ ಕೇಳಿದರು, ನಾನು ಎಂದಿನಂತೆ ಬಂದೆ. ವಾಸನೆ ಇಲ್ಲದ ಕಾರಿನಲ್ಲಿ ಎಂಜಿನ್ನಿನ ಸದ್ದು ಯಾಕೆ ಬೇಕು ಎನ್ನಿಸಿ ಬಟನ್ ಒತ್ತಿ ಆರಿಸಿದೆ. ಬಾಗಿಲನ್ನು ತೆರೆದೇ ಇಟ್ಟೆ. ಪಡಸಾಲೆಯ ಕಡೆಗೆ ಕೈ ಎತ್ತಿ ತೋರಿಸಿದೆ. ಅವರು ಎಡಗೈ ಎತ್ತಿದರು.

"ಚಾಲೂ... ಆತೇನು?" ಎಂದು ಕೂಗಿದರು.

"ಆತ್ರೀ, ಆತು," ಎಂದು ಹೇಳಿ ಸೀಟಿಗೆ ಒರಗಿ ಕಣ್ಣು ಮುಚ್ಚಿದೆ.